ದನದ ಉಣ್ಣೆ ಮದ್ದು ಬೆಕ್ಕಿಗೆ ಹಚ್ಚಬೇಡಿ



ಸಂಘದಿಂದ ಹೈನುಗಾರಿಕೆ ಸಾಲ ಪಡೆದು ಹಸು ಕಟ್ಟಿದ ಮನೆಗಳಲ್ಲಿ ಉಣ್ಣೆ ಔಷಧಿಯ ಒಂದು ಬಾಟಲಿ ಇದ್ದೇ ಇರುತ್ತದೆ. ಕೊಟ್ಟಿಗೆ ಮಾಡಿನ ಸಂದಿಯಲ್ಲೋ ಹಿಂಡಿ ಚೀಲದ ಹಿಂದೆಯೋ ಸಿಕ್ಕಿಸಿ ಇಟ್ಟಿರುತ್ತೇವೆ. ಉಣ್ಣೆ ಹತ್ತಿದ ದನ ಬಡಕಲಾಗುತ್ತದೆ, ಹಾಲು ಇಳಿಯುತ್ತದೆ, ಉಣ್ಣೆಯಿಂದ ಹರಡುವ ಜ್ವರ ಬಂದರೆ ಮೂತ್ರವೂ ಕೆಂಪಾಗಿ ಹೋಗುತ್ತದೆ. ಹಾಗಾಗಿ ಔಷಧಿ ಬೇಕೇ ಬೇಕು, ಅದರ ಬಗ್ಗೆ ನಮ್ಮ ತಕರಾರಿಲ್ಲ. ಈ ಸಲ ಬರೆಯುತ್ತಿರುವುದು ಕೆಲಸ ಮುಗಿದ ಮೇಲೆ ಬಕೆಟಿನಲ್ಲಿ ಉಳಿಯುವ ಆ ಸ್ವಲ್ಪ ಮದ್ದಿನ ಬಗ್ಗೆ.

ಹೆಚ್ಚಾಗಿ ಆಗುವುದು ಹೀಗೆ. ಬೆಳಿಗ್ಗೆ ದನಕ್ಕೆ ಹಚ್ಚಿ ಆಯಿತು, ನಾಯಿಗೂ ಹಚ್ಚಿ ಆಯಿತು. ಇನ್ನೂ ಒಂದು ಲೋಟದಷ್ಟು ಉಳಿದಿದೆ. ಒಲೆಯ ಹತ್ತಿರ ಬೆಕ್ಕು ಪರಪರ ಕೆರೆದುಕೊಳ್ಳುತ್ತಾ ಕೂತಿದೆ, ಮೈಯೆಲ್ಲಾ ಚಿಗಟ. "ಪಾಪ, ಇದಕ್ಕೂ ಒಂದಿಷ್ಟು ಹಚ್ಚೋಣ. ಚಿಕ್ಕ ಪ್ರಾಣಿ ಅಲ್ವಾ, ಕಡಿಮೆ ಹಾಕಿದ್ರಾಯ್ತು" ಅಂತ ಬಟ್ಟೆ ಅದ್ದಿ ಬೆನ್ನಿಗೆ ಒರೆಸುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಬೆಕ್ಕಿನ ಕಿವಿ ಅದುರಲು ಶುರು. ಸಂಜೆಗೆ ಬಾಯಲ್ಲಿ ಜೊಲ್ಲು, ಕಾಲಲ್ಲಿ ನಡುಕ. ರಾತ್ರಿ ಮೈ ಸೆಟೆದು ಒದ್ದಾಟ. ಬೆಳಗಾಗುವಾಗ ಬೆಕ್ಕು ಸತ್ತಿರುತ್ತದೆ. ಹಾವು ಕಚ್ಚಿರಬೇಕು ಅಂತ ಒಬ್ಬರು, ಪಕ್ಕದ ಮನೆಯವರು ಇಲಿ ಪಾಷಾಣ ಇಟ್ಟಿರಬೇಕು ಅಂತ ಇನ್ನೊಬ್ಬರು. ಇಂಥ ವಿಷಯಕ್ಕೆ ನೆರೆಮನೆಯವರ ಜೊತೆ ಮಾತು ಬಿಡುವವರೂ ಇದ್ದಾರೆ! ಮದ್ದಿನ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ. ಯಾಕೆಂದರೆ ಅದೇ ಮದ್ದು ಹಚ್ಚಿದ ದನವೂ ನಾಯಿಯೂ ಆರಾಮಾಗಿ ಇವೆ.

ತಪ್ಪು ಇರುವುದು "ಕಡಿಮೆ ಹಾಕಿದ್ರಾಯ್ತು" ಎಂಬ ಲೆಕ್ಕದಲ್ಲಿ. ದೊಡ್ಡವರಿಗೆ ಒಂದು ಮಾತ್ರೆ, ಮಕ್ಕಳಿಗೆ ಅರ್ಧ ಎನ್ನುವ ಅಭ್ಯಾಸ ನಮಗೆ. ಆದರೆ ಬೆಕ್ಕು ಅಂದರೆ ಸಣ್ಣ ನಾಯಿ ಅಲ್ಲ, ಸಣ್ಣ ದನವೂ ಅಲ್ಲ. ಅದರ ಮೈ ಒಳಗಿನ ಕೆಲಸವೇ ಬೇರೆ.

ಬಾಟಲಿಯಲ್ಲಿ ಏನಿದೆ?

ಉಣ್ಣೆ, ಚಿಗಟಗಳಿಗೆ ನಾವು ತರುವ ಮದ್ದುಗಳಲ್ಲಿ ಬಹುಪಾಲು ಒಂದೇ ಕುಟುಂಬಕ್ಕೆ ಸೇರಿದವು. ಪರ್ಮೆಥ್ರಿನ್, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಫ್ಲುಮೆಥ್ರಿನ್. ಕಂಪೆನಿಯ ಹೆಸರು ದೊಡ್ಡದಾಗಿ ಬಣ್ಣದಲ್ಲಿ ಇರುತ್ತದೆ, ಈ ಹೆಸರು ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಕನ್ನಡಕ ಹಾಕಿಯಾದರೂ ಓದಬೇಕು, ಇಲ್ಲದಿದ್ದರೆ ಶಾಲೆಗೆ ಹೋಗುವ ಮಕ್ಕಳ ಹತ್ತಿರ ಓದಿಸಬೇಕು. ಕೊನೆಗೆ "ಥ್ರಿನ್" ಅಂತ ಬಂದರೆ ಆ ಬಾಟಲಿ ಬೆಕ್ಕಿನಿಂದ ದೂರ ಇರಲಿ. ಬೆಕ್ಕಿಗೆಂದೇ ತಯಾರಿಸಿದ ಕತ್ತಿನ ಪಟ್ಟಿಗಳಲ್ಲಿ ಕೆಲವದರಲ್ಲಿ ಈ ಕುಟುಂಬದ ಮದ್ದು ಸ್ವಲ್ಪ ಸ್ವಲ್ಪವೇ ಹೊರಬರುವ ಹಾಗೆ ಇರುತ್ತದೆ. ಅದು ಬೇರೆ ಮಾತು, ಪಟ್ಟಿಯ ಮೇಲೆ ಬೆಕ್ಕಿಗೆ ಅಂತಲೇ ಬರೆದಿರುತ್ತದೆ.

ಈ ಕುಟುಂಬದ ಮೂಲ ಒಂದು ಹೂವು. ನಮ್ಮ ಸೇವಂತಿಗೆಯ ಬಳಗಕ್ಕೆ ಸೇರಿದ ಗಿಡವೊಂದರ ಹೂವನ್ನು ಒಣಗಿಸಿ ಪುಡಿ ಮಾಡಿದರೆ ಕೀಟಗಳು ಸಾಯುತ್ತವೆ ಎಂದು ಜನರಿಗೆ ಬಹಳ ಹಿಂದೆಯೇ ಗೊತ್ತಿತ್ತು. ಆ ಹೂವಿನ ಸತ್ವವನ್ನು ನೋಡಿ, ಅದಕ್ಕಿಂತ ಗಟ್ಟಿಯಾಗಿ, ಬಿಸಿಲಿಗೆ ಬೇಗ ಹಾಳಾಗದಂತೆ ಕಾರ್ಖಾನೆಯಲ್ಲಿ ತಯಾರಿಸಿದ್ದು ಈಗಿನ ಮದ್ದು. ಕೀಟದ ನರದಲ್ಲಿ ಸಂದೇಶ ಹೋಗಲು ಒಂದು ಬಾಗಿಲು ತೆರೆದು ಕೂಡಲೇ ಮುಚ್ಚಬೇಕು. ಈ ಮದ್ದು ಆ ಬಾಗಿಲನ್ನು ಮುಚ್ಚಲು ಬಿಡುವುದಿಲ್ಲ. ಒತ್ತಿದ ಸ್ವಿಚ್ಚು ಮೇಲೆ ಬಾರದೆ ಸಿಕ್ಕಿಹಾಕಿಕೊಂಡರೆ ಪಂಪು ಓಡುತ್ತಲೇ ಇರುತ್ತದಲ್ಲ, ಹಾಗೆ ನರ ಎಡೆಬಿಡದೆ ಮಿಡಿಯುತ್ತದೆ. ಉಣ್ಣೆ ನಡುಗಿ ನಡುಗಿ ಸಾಯುತ್ತದೆ.

ದನ, ನಾಯಿ, ಮನುಷ್ಯರಿಗೂ ಇದೇ ತರಹದ ನರ ಇದೆ. ಆದರೆ ಒಳಗೆ ಹೋದ ಅಲ್ಪಸ್ವಲ್ಪ ಮದ್ದನ್ನು ನಮ್ಮ ಪಿತ್ತಜನಕಾಂಗ ಒಡೆದು, ಅದಕ್ಕೆ ಸಕ್ಕರೆಯಂಥ ಒಂದು ವಸ್ತುವನ್ನು ಅಂಟಿಸಿ, ನೀರಿನಲ್ಲಿ ಕರಗುವ ಹಾಗೆ ಮಾಡಿ ಮೂತ್ರದ ದಾರಿಯಲ್ಲಿ ಹೊರಗೆ ಕಳಿಸುತ್ತದೆ. ಬೆಕ್ಕಿನ ಪಿತ್ತಜನಕಾಂಗದಲ್ಲಿ ಈ ಅಂಟಿಸುವ ಕೆಲಸ ಬಹಳ ದುರ್ಬಲ, ಹುಟ್ಟಿನಿಂದಲೇ ಹಾಗೆ. ಹುಲಿ, ಸಿಂಹ, ಬೆಕ್ಕು ಇವೆಲ್ಲಾ ಮಾಂಸವನ್ನೇ ತಿಂದು ಬಂದ ಪ್ರಾಣಿಗಳು. ಸೊಪ್ಪು ಸದೆಯಲ್ಲಿರುವ ವಿಷವನ್ನು ಕರಗಿಸುವ ಅಗತ್ಯ ಅವಕ್ಕೆ ಬೀಳಲಿಲ್ಲ, ಆದ್ದರಿಂದ ಆ ಶಕ್ತಿ ಹೋಗಿಬಿಟ್ಟಿತು ಅಂತ ವಿಜ್ಞಾನಿಗಳು ಹೇಳುತ್ತಾರೆ. ಹೀಗಾಗಿ ನಾಯಿಯ ಮೈಯಿಂದ ಬೇಗ ಹೊರಗೆ ಹೋಗುವ ಮದ್ದು ಬೆಕ್ಕಿನ ಮೈಯಲ್ಲಿ ಉಳಿದುಬಿಡುತ್ತದೆ.

ಇನ್ನೊಂದು ಕಷ್ಟ, ಅದರ ಶುಚಿತ್ವ. ಬೆಕ್ಕು ಎಚ್ಚರ ಇರುವಷ್ಟು ಹೊತ್ತೂ ಮೈ ನೆಕ್ಕಿಕೊಳ್ಳುತ್ತಲೇ ಇರುತ್ತದೆ. ನಾವು ಬೆನ್ನಿಗೆ ಹಚ್ಚಿದ್ದು ಸಂಜೆಯೊಳಗೆ ಹೊಟ್ಟೆ ಸೇರಿತು ಅಂತಲೇ ತಿಳಿಯಿರಿ.

ಎಷ್ಟು ಹಾಕಿದರೆ ಅಪಾಯ ಅಂತ ಕೇಳುವಿರಿ. ನಾಯಿಗೆ ಕತ್ತಿನ ಮೇಲೆ ಹಾಕುವ ಹನಿ ಮದ್ದುಗಳಲ್ಲಿ ನೂರಕ್ಕೆ 45 ಅಂಶ ಅಥವಾ ಅದಕ್ಕಿಂತ ಹೆಚ್ಚು ಪರ್ಮೆಥ್ರಿನ್ ಇರುವಂಥವು ಇವೆ. ಅದರ 1 ಮಿಲಿ ಅಂದರೆ 450 ಮಿಲಿಗ್ರಾಂ ಮದ್ದು. ನಾಲ್ಕೂವರೆ ಕಿಲೋ ತೂಗುವ ಚೆನ್ನಾಗಿ ಬೆಳೆದ ಬೆಕ್ಕಿಗೂ ಅಷ್ಟು ಸಾಕು, ಜೀವಕ್ಕೆ ಅಪಾಯ. ನಮ್ಮ ಹಳ್ಳಿಯ ಬೆಕ್ಕುಗಳು ಎಷ್ಟೋ ಮೂರು ಕಿಲೋ ತೂಗುವುದಿಲ್ಲ. ದನದ ಮದ್ದನ್ನು ನೀರಿಗೆ ಬೆರೆಸಿದ ಮೇಲೆ ಅಷ್ಟು ಗಟ್ಟಿ ಇರುವುದಿಲ್ಲ ನಿಜ. ಆದರೆ ಅಳತೆ ಮುಚ್ಚಳ ಕಳೆದುಹೋಗಿ ಕಣ್ಣಂದಾಜಿನಲ್ಲಿ ಸುರಿಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಕೆಲವರು ಬೆರೆಸದೆ ಹಾಗೆಯೇ ಬೆರಳಲ್ಲಿ ಹಚ್ಚುತ್ತಾರೆ.

ಇದು ಹಳ್ಳಿಯಲ್ಲಿ ಮಾತ್ರ ಆಗುವ ತಪ್ಪೂ ಅಲ್ಲ. ಓದು ಬರಹ ಬಲ್ಲವರ ದೇಶವಾದ ಅಮೆರಿಕದಲ್ಲಿಯೂ ಚಿಗಟದ ಹನಿ ಮದ್ದುಗಳಿಂದ ನಾಯಿ, ಬೆಕ್ಕುಗಳಿಗೆ ತೊಂದರೆಯಾದ ದೂರುಗಳು ಬಹಳ ಬಂದು, ಅಲ್ಲಿನ ಸರ್ಕಾರದ ಪರಿಸರ ರಕ್ಷಣಾ ಸಂಸ್ಥೆ 2009ರಲ್ಲಿ ಪರಿಶೀಲನೆ ಶುರು ಮಾಡಿತು. ನಾಯಿಯ ಮದ್ದನ್ನು ಬೆಕ್ಕಿಗೆ ಹಾಕುವುದು ದೊಡ್ಡ ಕಾರಣಗಳಲ್ಲಿ ಒಂದೆಂದು ಕಂಡು, ಚೀಟಿಯ ಮೇಲೆ ಎಚ್ಚರಿಕೆ ಇನ್ನೂ ಸ್ಪಷ್ಟವಾಗಿ ಇರಬೇಕೆಂದು 2010ರಲ್ಲಿ ಹೇಳಿತು.

"ಥ್ರಿನ್" ಅಲ್ಲದ ಮದ್ದುಗಳೂ ಇವೆ. ದನ ನಾಯಿಗಳಿಗೆ ಬಳಸುವ ಅಮಿಟ್ರಾಜ್ ಬೆಕ್ಕಿಗೆ ಆಗುವುದಿಲ್ಲ. ಅದು ತಾಗಿದರೆ ನಡುಕಕ್ಕಿಂತ ಹೆಚ್ಚಾಗಿ ಬೆಕ್ಕು ತೂಕಡಿಸುತ್ತದೆ, ಮೈ ತಣ್ಣಗಾಗುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಇನ್ನು ಮೆಲಾಥಿಯಾನ್, ಕ್ಲೋರ್‌ಪೈರಿಫಾಸ್ ಮೊದಲಾದ ಗದ್ದೆ ತೋಟದ ಕೀಟನಾಶಕಗಳನ್ನು ಯಾವ ಪ್ರಾಣಿಯ ಮೈಗೂ ಹಚ್ಚಲೇಬಾರದು.

ನಮ್ಮ ಮನೆಗಳಲ್ಲಿ ಇನ್ನೊಂದು ಕಡೆಯಿಂದಲೂ ಇದು ಬರುತ್ತದೆ. ಮಕ್ಕಳಿಗೆ ಕಜ್ಜಿ ತುರಿಕೆ ಆದಾಗ ಆಸ್ಪತ್ರೆಯಲ್ಲಿ ಕೊಡುವ ಮುಲಾಮಿನಲ್ಲಿ ಪರ್ಮೆಥ್ರಿನ್ ನೂರಕ್ಕೆ 5 ಅಂಶ ಇರುತ್ತದೆ. ಮನುಷ್ಯರಿಗೆ ಒಳ್ಳೆಯ ಮದ್ದು. ಟ್ಯೂಬಿನಲ್ಲಿ ಉಳಿದದ್ದನ್ನು ಬೆಕ್ಕಿನ ತುರಿಕೆಗೆ ಹಚ್ಚಿದರೆ ಮೊದಲು ಹೇಳಿದ ಕಥೆಯೇ ಆಗುತ್ತದೆ.

ಗುರುತು ಹಿಡಿಯುವುದು ಹೇಗೆ?

ಹೆಚ್ಚಾಗಿ ಕೆಲವೇ ಗಂಟೆಗಳಲ್ಲಿ ತೊಂದರೆ ಕಾಣಿಸುತ್ತದೆ, ಅಪರೂಪಕ್ಕೆ ಎರಡು ಮೂರು ದಿನ ತಡವಾಗುವುದೂ ಉಂಟು. ಮೊದಲು ಕಿವಿ, ಮೀಸೆ, ಮುಖದ ಚರ್ಮ ಪಟಪಟ ಅದುರುತ್ತದೆ. ಬೆಕ್ಕು ಇರುವೆ ಕಚ್ಚಿದ ಹಾಗೆ ಪಂಜ ಝಾಡಿಸುತ್ತದೆ. ಪಾತ್ರೆ ಬಿದ್ದ ಸದ್ದಿಗೆ, ಮುಟ್ಟಿದರೆ, ಬೆಚ್ಚಿ ಬೀಳುತ್ತದೆ. ಕಣ್ಣಿನ ಪಾಪೆ ಅಗಲ ಆಗಿರುತ್ತದೆ. ಜೊಲ್ಲು ಸುರಿಯುತ್ತದೆ, ಕುಡಿದವರಂತೆ ತೂರಾಡುತ್ತದೆ. ಮುಂದೆ ಇಡೀ ಮೈ ನಡುಕ, ಆಮೇಲೆ ಫಿಟ್ಸ್. ಗಂಟೆಗಟ್ಟಲೆ ನಡುಗಿದರೆ ಮೈ ಕೆಂಡದ ಹಾಗೆ ಕಾಯುತ್ತದೆ, ಈ ಕಾವೇ ಜೀವ ತೆಗೆಯಬಹುದು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮೈ ಬಿಸಿ, ನಡುಕ ನೋಡಿ ಚಳಿಜ್ವರ ಅಂತ ತಿಳಿದು ಪ್ಯಾರಾಸಿಟಮಾಲ್ ಪುಡಿ ಮಾಡಿ ಹಾಲಿನಲ್ಲಿ ಕುಡಿಸುವವರಿದ್ದಾರೆ. ಆ ಮಾತ್ರೆಯೂ ಬೆಕ್ಕಿಗೆ ವಿಷ. ಪಿತ್ತಜನಕಾಂಗದ ಅದೇ ದೌರ್ಬಲ್ಯದಿಂದ ಒಂದೇ ಒಂದು ಮಾತ್ರೆಯಲ್ಲಿ ಬೆಕ್ಕು ಸಾಯಬಹುದು. ಮದ್ದಿನಿಂದ ಹೇಗೋ ಉಳಿಯಬಹುದಾಗಿದ್ದ ಬೆಕ್ಕನ್ನು ಈ ಆರೈಕೆ ಮುಗಿಸಿಬಿಡುತ್ತದೆ.

ಎಲ್ಲಾ ತೊಂದರೆಯೂ ಇಷ್ಟು ದೊಡ್ಡದಲ್ಲ. ಬೆಕ್ಕಿಗೆಂದೇ ಇರುವ ಸರಿಯಾದ ಹನಿ ಮದ್ದು ಹಾಕಿದಾಗಲೂ ಅದನ್ನು ನೆಕ್ಕಿದರೆ ಕಹಿಗೆ ಬಾಯಲ್ಲಿ ನೊರೆ ಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಾನೇ ನಿಲ್ಲುತ್ತದೆ. ಹಾಕಿದ ಜಾಗದಲ್ಲಿ ಕೂದಲು ಅಂಟಿಕೊಳ್ಳುವುದು, ಚರ್ಮ ಕೆಂಪಾಗುವುದು, ಒಂದಿಷ್ಟು ರೋಮ ಉದುರುವುದು ಇವಕ್ಕೂ ಗಾಬರಿ ಬೇಡ. ನಡುಕ, ತೂರಾಟ, ಎಚ್ಚರ ತಪ್ಪಿದಂತೆ ನಿದ್ದೆ, ಇವು ಕಂಡರೆ ಮಾತ್ರ ಕಾಯುವ ಹಾಗಿಲ್ಲ.

ಕೂಡಲೇ ಏನು ಮಾಡಬೇಕು?

ಮದ್ದು ಹಚ್ಚಿದ್ದು ತಪ್ಪು ಅಂತ ಗೊತ್ತಾದ ತಕ್ಷಣ, ಲಕ್ಷಣ ಬರಲಿ ಅಂತ ಕಾಯದೆ, ತೊಳೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಉಗುರು ಬೆಚ್ಚಗಿನ ನೀರು ಸಾಕು. ಬಿಸಿ ನೀರು ಹಾಕಿದರೆ ಚರ್ಮದಲ್ಲಿ ರಕ್ತದ ಓಡಾಟ ಹೆಚ್ಚಿ ಮದ್ದು ಇನ್ನಷ್ಟು ಒಳಗೆ ಹೋಗುತ್ತದೆ, ತಣ್ಣೀರು ಹಾಕಿದರೆ ಸೋತ ಪ್ರಾಣಿ ಮರಗಟ್ಟುತ್ತದೆ. ಈ ಮದ್ದು ಎಣ್ಣೆ ಜಿಡ್ಡಿನಂಥದ್ದು, ಬರೀ ನೀರಿಗೆ ಹೋಗುವುದಿಲ್ಲ. ಪಾತ್ರೆ ತೊಳೆಯುವ ದ್ರವ ಸೋಪು ಒಳ್ಳೆಯದು, ಇಲ್ಲದಿದ್ದರೆ ಮೈ ಸೋಪು. ಕಣ್ಣು ಬಾಯಿಗೆ ಹೋಗದಂತೆ ಎರಡು ಮೂರು ಸಲ ನೊರೆ ಮಾಡಿ ತೊಳೆದು, ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಆಮೇಲೆ ಕತ್ತಲೆ ಇರುವ, ಸದ್ದಿಲ್ಲದ ಮೂಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಮಲಗಿಸಿ. ಮಕ್ಕಳು ಸುತ್ತ ಸೇರಿ ಗಲಾಟೆ ಮಾಡುವುದು ಬೇಡ.

ಆಗಲೇ ಫಿಟ್ಸ್ ಬರುತ್ತಿದ್ದರೆ ಸ್ನಾನ ಮಾಡಿಸಲು ಹೋಗಬೇಡಿ, ಟವೆಲಿನಲ್ಲಿ ಸುತ್ತಿ ಸೀದಾ ಪಶು ಆಸ್ಪತ್ರೆಗೆ ಹೊರಡಿ. ಬಾಯಿಗೆ ಏನೂ ಹಾಕಬೇಡಿ. ಹಾಲು, ಎಳನೀರು, ಹುಣಸೆ ನೀರು, ವಾಂತಿಗೆ ಅಂತ ಉಪ್ಪು ನೀರು ಯಾವುದೂ ಬೇಡ. ನಡುಗುವ ಪ್ರಾಣಿಗೆ ನುಂಗಲು ಬರುವುದಿಲ್ಲ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೈಗೆ ಎಣ್ಣೆಯನ್ನೂ ಹಚ್ಚಬೇಡಿ.

ಹೊರಡುವಾಗ ಮರೆಯದೆ ಬಾಟಲಿ ಹಿಡಿದುಕೊಂಡು ಹೋಗಿ. "ಏನು ಹಚ್ಚಿದ್ರಿ?" ಅಂತ ವೈದ್ಯರು ಕೇಳಿದಾಗ "ಅದೇ, ದನದ ಮದ್ದು" ಅಂದರೆ ಅವರಿಗೆ ಕೈ ಕಟ್ಟಿದ ಹಾಗೆ ಆಗುತ್ತದೆ. ಮೆಲಾಥಿಯಾನ್ ಗುಂಪಿನ ವಿಷಕ್ಕೆ ಅಟ್ರೋಪಿನ್ ಎಂಬ ಚುಚ್ಚುಮದ್ದು ಇದೆ. ಅಮಿಟ್ರಾಜಿಗೆ ಬೇರೆಯೇ ಮದ್ದು. "ಥ್ರಿನ್" ಗುಂಪಿಗೆ ನೇರವಾದ ಪ್ರತಿವಿಷವೇ ಇಲ್ಲ. ನಡುಕ ನಿಲ್ಲಿಸುವ ಚುಚ್ಚುಮದ್ದು ಕೊಟ್ಟು, ಗ್ಲೂಕೋಸ್ ಏರಿಸಿ, ಮೈ ಕಾವನ್ನು ಹದದಲ್ಲಿ ಇಟ್ಟು, ವಿಷ ತಾನಾಗಿ ಇಳಿಯುವವರೆಗೆ ಬೆಕ್ಕನ್ನು ಕಾಪಾಡಬೇಕು. ಎರಡು ಮೂರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಸಮಯಕ್ಕೆ ಚಿಕಿತ್ಸೆ ಸಿಕ್ಕಿದ ಬೆಕ್ಕುಗಳಲ್ಲಿ ಹೆಚ್ಚಿನವು ಪೂರಾ ಗುಣವಾಗುತ್ತವೆ. ಆಸ್ಪತ್ರೆ ದೂರ ಇದ್ದರೆ ಪಶು ಇಲಾಖೆಯ 1962 ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು, ಕರೆಗೆ ದುಡ್ಡಿಲ್ಲ.

"ಬೆಕ್ಕಿಗಾಗಿ ಬಸ್ ಚಾರ್ಜ್ ಯಾರು ಕೊಡ್ತಾರೆ" ಅಂತ ನಗುವವರೂ ಇರುತ್ತಾರೆ. ನಗಲಿ. ಭತ್ತದ ಪಣತ, ಕೊಬ್ಬರಿ ಅಟ್ಟ, ಕೋಳಿಮರಿ ಇರುವ ಮನೆಯಲ್ಲಿ ಒಂದು ಒಳ್ಳೆ ಬೆಕ್ಕು ಹೋದ ಮೇಲೆ ಇಲಿ ಎಷ್ಟು ಬರುತ್ತದೆ ಅಂತ ಗೊತ್ತಿದ್ದವರು ನಗುವುದಿಲ್ಲ. ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬಕ್ಕೆ ಪ್ರಾಣಿಗಳನ್ನು ಆಶೀರ್ವದಿಸುವ ಪದ್ಧತಿ ಇರುವ ಧರ್ಮಸಭೆಯವರು ನಾವು, ಬೆಕ್ಕನ್ನು ಅದರಿಂದ ಬಿಟ್ಟಿಲ್ಲ.

ಹಾಗಾದರೆ ಚಿಗಟಕ್ಕೆ ಏನು ಮಾಡುವುದು?

ಬೆಕ್ಕಿನ ಮೈ ಮೇಲೆ ಕಾಣುವ ಚಿಗಟ ಒಟ್ಟು ಚಿಗಟದಲ್ಲಿ ಸ್ವಲ್ಪ ಪಾಲು ಮಾತ್ರ. ಮೊಟ್ಟೆ, ಮರಿಹುಳ, ಗೂಡು ಎಲ್ಲಾ ಇರುವುದು ಬೆಕ್ಕು ಮಲಗುವ ಗೋಣಿಯಲ್ಲಿ, ನೆಲದ ಬಿರುಕಿನಲ್ಲಿ, ಸೌದೆ ರಾಶಿಯ ಬುಡದಲ್ಲಿ. ಗೂಡಿನೊಳಗೆ ತಿಂಗಳುಗಟ್ಟಲೆ ಕಾದು ಕೂರುವ ಚಿಗಟವೂ ಇದೆ. ಹಾಗಾಗಿ ಮೈಗೆ ಎಷ್ಟು ಮದ್ದು ಸುರಿದರೂ ವಾರದಲ್ಲಿ ಮತ್ತೆ ಬರುತ್ತದೆ. ಮದ್ದು ಸಾಲಲಿಲ್ಲ ಅಂತ ಇನ್ನೂ ಹೆಚ್ಚು ಹಚ್ಚುತ್ತೇವೆ. ಮಲಗುವ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿ ನೀರಿನಲ್ಲಿ ಅದ್ದಿ ಒಳ್ಳೆ ಬಿಸಿಲಿಗೆ ಹಾಕಿ. ಮೂಲೆ ಮೂಲೆ ಗುಡಿಸಿ ಆ ಕಸವನ್ನು ಸುಟ್ಟುಬಿಡಿ. ನಮ್ಮ ತಲೆಯ ಹೇನು ತೆಗೆಯುವ ಒತ್ತು ಹಲ್ಲಿನ ಬಾಚಣಿಗೆಯಿಂದ ಬೆಕ್ಕನ್ನು ಬಾಚಿ, ಸಿಕ್ಕ ಚಿಗಟವನ್ನು ಸೋಪು ನೀರಿನಲ್ಲಿ ಮುಳುಗಿಸಿ. ಕಣ್ಣು ಬಿಟ್ಟ ಸಣ್ಣ ಮರಿಗಳಿಗೆ ಈ ಬಾಚಣಿಗೆಯೇ ಮದ್ದು, ಬೇರೆ ಏನೂ ಹಾಕಬಾರದು.

ಮದ್ದು ಬೇಕೇ ಬೇಕು ಅಂದರೆ ಪಶುವೈದ್ಯರನ್ನು ಕೇಳಿ, ಬೆಕ್ಕಿಗೆ ಅಂತ ಬರೆದದ್ದನ್ನೇ ತನ್ನಿ. ಫಿಪ್ರೋನಿಲ್ ಅಥವಾ ಸೆಲಮೆಕ್ಟಿನ್ ಇರುವ ಹನಿಗಳು ಎಂಟು ವಾರ ದಾಟಿದ ಬೆಕ್ಕಿಗೆ ಆಗುತ್ತವೆ. ನೆಕ್ಕಲು ಸಿಗದಂತೆ ತಲೆಯ ಹಿಂದೆ, ಕತ್ತಿನ ಬುಡದಲ್ಲಿ ಕೂದಲು ಸರಿಸಿ ಚರ್ಮಕ್ಕೇ ಹಾಕಬೇಕು. ಆದರೆ ಅಂಗಡಿಯಲ್ಲಿ ಎಚ್ಚರ. ನಾಯಿಗೆ ಬರುವ ಕೆಲವು ಹನಿಗಳಲ್ಲಿ ಫಿಪ್ರೋನಿಲ್ ಜೊತೆ ಪರ್ಮೆಥ್ರಿನ್ನೂ ಸೇರಿರುತ್ತದೆ, ಮೊದಲ ಹೆಸರು ಮಾತ್ರ ಓದಿ ತಂದರೆ ಮೋಸ. ಮೊಲ ಸಾಕಿರುವ ಸದಸ್ಯರು ಫಿಪ್ರೋನಿಲ್ ಅನ್ನು ಮೊಲಕ್ಕೆ ಹಾಕಬೇಡಿ, ಮೊಲ ಸಾಯುತ್ತದೆ.

ಮನೆಮದ್ದಿನ ಬಗ್ಗೆಯೂ ಕೇಳುತ್ತೀರಿ. ಹೊಗೆಸೊಪ್ಪು ನೆನೆಸಿದ ನೀರು, ಸೀಮೆಎಣ್ಣೆ, ಕರ್ಪೂರ ಹಾಕಿದ ಎಣ್ಣೆ, ನೀಲಗಿರಿ ಎಣ್ಣೆ, ಇವೆಲ್ಲಾ ದನಕ್ಕೆ ಹಿಂದಿನವರು ಹಚ್ಚುತ್ತಿದ್ದರು. ನೆಕ್ಕುವ ಬೆಕ್ಕಿಗೆ ಇವೂ ವಿಷವೇ. ಬೇವಿನೆಣ್ಣೆಯಿಂದಲೂ ಬೆಕ್ಕುಗಳಿಗೆ ಕೆಟ್ಟದಾಗಿದೆ. ಗಿಡದಿಂದ ಬಂದದ್ದು ಅಂದ ಮಾತ್ರಕ್ಕೆ ನಿರಪಾಯ ಅಲ್ಲ. ಮೊದಲು ಹೇಳಿದ ಮದ್ದಿನ ಮೂಲವೂ ಹೂವೇ ಅಲ್ಲವೇ?

ಮಲೆನಾಡಿನ ಸದಸ್ಯರಿಗೆ ಒಂದು ಮಾತು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಕಾಡಿನ ಉಣುಗಿನಿಂದ ಬರುತ್ತದೆ ಅಂತ ನಿಮಗೆ ಗೊತ್ತು. ಬೇಸಿಗೆಯಲ್ಲಿ ಆ ಹೆದರಿಕೆಗೆ ಮನೆಯ ಎಲ್ಲಾ ಪ್ರಾಣಿಗಳಿಗೂ ಸಿಕ್ಕಿದ ಮದ್ದು ಬಳಿಯುವುದುಂಟು. ಕಾಡಿಗೆ ಹೋಗುವ ನಮ್ಮ ಕಾಲು ಕೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಮನುಷ್ಯರಿಗೆ ಮಾತ್ರ. ಬೆಕ್ಕಿನ ಮೈಯಲ್ಲಿ ಉಣುಗು ಕಂಡರೆ ಬರಿ ಬೆರಳಲ್ಲಿ ಹಿಸುಕದೆ, ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಬೆಕ್ಕಿಗೆ ಹಚ್ಚದಿದ್ದರೂ ಅಪಾಯ ಇದೆ ಎಂಬುದು ನೆನಪಿರಲಿ. ನಾಯಿಯ ಜೊತೆ ಮುದುಡಿ ಮಲಗುವ, ನಾಯಿಯ ಕಿವಿ ನೆಕ್ಕುವ ಬೆಕ್ಕುಗಳಿವೆ. ನಾಯಿಗೆ "ಥ್ರಿನ್" ಮದ್ದು ಹಾಕಿದರೆ ಮೂರು ದಿನ ಎರಡನ್ನೂ ದೂರ ಇಡಿ. ಕೊಟ್ಟಿಗೆಗೆ ಹೊಡೆದ ದಿನ ಗೋಡೆ, ನೆಲ ಪೂರಾ ಒಣಗುವ ತನಕ ಬೆಕ್ಕನ್ನು ಒಳಗೆ ಬಿಡಬೇಡಿ, ಮದ್ದಿನ ಬಕೆಟನ್ನು ತೆರೆದಿಡಬೇಡಿ. ಅಳತೆ ಮಾಡಿ ಆ ದಿನಕ್ಕೆ ಬೇಕಾದಷ್ಟೇ ಬೆರೆಸಿದರೆ "ಉಳಿದದ್ದು" ಎಂಬ ಪ್ರಶ್ನೆಯೇ ಬರುವುದಿಲ್ಲ. ಅಷ್ಟಾಗಿಯೂ ಉಳಿದರೆ ತೋಡಿಗೆ, ಕೆರೆಗೆ ಚೆಲ್ಲಬೇಡಿ, ಇದರ ಸ್ವಲ್ಪ ಅಂಶಕ್ಕೇ ಮೀನು ಸಾಯುತ್ತದೆ. ಜೇನು ಪೆಟ್ಟಿಗೆ ಇಟ್ಟವರ ತೋಟದಲ್ಲಿ ಹೂವಿನ ಮೇಲೆ ಬಿದ್ದರೆ ಜೇನುನೊಣಕ್ಕೂ ಅದೇ ಗತಿ. ಬಾವಿಯಿಂದ ದೂರ, ನೀರು ಹರಿಯದ ಕಡೆ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿ. ಖಾಲಿ ಬಾಟಲಿಯಲ್ಲಿ ಎಣ್ಣೆ, ಜೇನುತುಪ್ಪ ತುಂಬಿಸಿಡುವ ಅಭ್ಯಾಸ ಬಿಟ್ಟು, ತೂತು ಮಾಡಿ ಬಿಸಾಡಿ. ಮುಂದಿನ ವಾರದ ಸಭೆಗೆ ಬರುವಾಗ ಮನೆಯಲ್ಲಿರುವ ಮದ್ದಿನ ರಟ್ಟಿನ ಪೆಟ್ಟಿಗೆಯನ್ನೋ ಚೀಟಿಯನ್ನೋ ತನ್ನಿ, ಬಾಟಲಿ ಬೇಡ. ಯಾವುದರಲ್ಲಿ ಏನಿದೆ ಅಂತ ಪ್ರೇರಕಿಯವರ ಜೊತೆ ಕೂತು ಓದಿ, ಬೆಕ್ಕಿಗೆ ಆಗದ್ದರ ಮೇಲೆ ದಪ್ಪ ಪೆನ್ನಿನಲ್ಲಿ ಗುರುತು ಹಾಕಿ ಮನೆಗೆ ಒಯ್ಯಬಹುದು.